ಕಸ್ತೂರಿ ಕೊರೆದ ನವಿಲು

ಸುರೇಬಾನದ ಕಸ್ತೂರಿಗೆ ಕಟ್ಟಿಗೆ ಕೊರೆಯುವ ಹುಚ್ಚು. ಹೊಲಿಗೆ ಕೆಲಸ ಮುಗಿಸಿ, ನೂಲಿನಂಥ ಅಲಗು ಮೇಲೆ ಕೆಳಗೆ ಕುಣಿಯುವ ಪುಟ್ಟ ಗರಗಸದ ಮಷೀನಿನ ಮುಂದೆ ಕೂತಳೆಂದರೆ ಅವಳಿಗೆ ಊಟದ ನೆನಪೂ ಇರುತ್ತಿರಲಿಲ್ಲ. ನಾದಿನಿ ರಾಮದುರ್ಗದಲ್ಲಿ ಮನೆ ಕಟ್ಟಿಸಿದಾಗ ಸಾಗವಾನಿ ಹಲಗೆಯಲ್ಲಿ ನವಿಲೊಂದನ್ನು ಕೊರೆದು ಕೊಟ್ಟಳು. ಗರಿಯ ಒಂದೊಂದು ಕಣ್ಣನ್ನೂ ಬಿಡಿಸಿ ಕೊರೆದಿದ್ದಳು.

ಗೃಹಪ್ರವೇಶಕ್ಕೆ ಬಂದವರೆಲ್ಲ ಅದರ ಮುಂದೆ ನಿಂತು ನೋಡಿದರು. ಹೋಳಿಗೆ ಬುಟ್ಟಿ ಹಿಡಿದು ಹೊರಬಂದ ಕಸ್ತೂರಿಗೆ, ಕೊರೆದವರು ಯಾರೆಂದು ಕೇಳಿದವರಿಗೆ ಗಂಡ ಶ್ರೀಶೈಲ ಹೇಳುತ್ತಿದ್ದ ಮಾತು ಕೇಳಿಸಿತು.

"ಪುರಸತ್ತು ಸಿಕ್ಕಾಗ ನಾನ ಕೊರದೇನ್ರಿ."

ಅವಳ ಮೈಯೆಲ್ಲ ಉರಿಯಿತು. "ಯಾವಾಗ ಕೊರದ್ರಿ? ಆ ಮಷೀನಿನ ಸಪ್ಪಳಕ್ಕ ತಲಿ ನೋಯತೈತಿ, ಹೊರಗ ಒಗಿ ಅಂದವರು ನೀವಲ್ಲೇನು?"

ಶ್ರೀಶೈಲ ನಕ್ಕ. "ಇರ್ಲಿ ಬಿಡ, ನಂದೂ ನಿಂದೂ ಒಂದ ಅಲ್ಲೇನು?"

"ಅಲ್ಲ!" ಎಂದವಳೇ ಗೋಡೆಯ ಮೇಲಿನ ನವಿಲನ್ನು ಇಳಿಸಿಕೊಂಡಳು.

"ವೈನಿ, ಮಂದಿ ಮುಂದ ಹಿಂಗ ಮಾಡಬ್ಯಾಡ್ರಿ" ಎಂದು ನಾದಿನಿ ಕೈಹಿಡಿದರೂ ನಿಲ್ಲದೆ, ಉಣ್ಣದೆ, ಬಸ್ಸು ಹತ್ತಿ ಊರಿಗೆ ಬಂದಳು.

ಉಟ್ಟ ರೇಷ್ಮೆ ಸೀರೆಯಲ್ಲೇ ಮಷೀನಿನ ಮುಂದೆ ಕೂತು, ನವಿಲಿನ ಕಾಲಡಿಯ ಪಟ್ಟಿಯಲ್ಲಿ ತನ್ನ ಹೆಸರನ್ನು ಹಲಗೆಯ ಆಚೆ ಬದಿ ಕಾಣುವಂತೆ ಆರಪಾರ ಕೊರೆದಳು. ಎಷ್ಟು ಉಜ್ಜಿದರೂ ಅದು ಅಳಿಸುವಂತಿರಲಿಲ್ಲ. ಮರುದಿನ ತಾನೇ ರಾಮದುರ್ಗಕ್ಕೆ ಒಯ್ದು ಮತ್ತೆ ಗೋಡೆಗೆ ಹಾಕಿದಳು.

"ಇನ್ನ ಯಾರರೆ ಕೇಳಿದ್ರ ಓದಿ ಹೇಳವಾ" ಎಂದಳು ನಾದಿನಿಗೆ.

ನಾದಿನಿ ಆ ಅಕ್ಷರಗಳ ಮೇಲೆ ಬೆರಳಾಡಿಸಿ ತಲೆಯಾಡಿಸಿದಳು. ಶ್ರೀಶೈಲ ಈಗಲೂ ಆ ಮನೆಗೆ ಹೋದರೆ ನವಿಲಿಗೆ ಬೆನ್ನು ಮಾಡಿ ಕೂರುತ್ತಾನೆ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬಂದಿಲ್ಲ, ಕಸ್ತೂರಿಯ ಸಿಟ್ಟೂ ಇಳಿದಿಲ್ಲ.