ಮೋತಿ ಶರಣರ ಮೈ ಕೆಂಪಾದ ಬೇಸಿಗೆ

ಆಗ ನಮಗೆ ಬೇಸಿಗೆ ರಜೆ ಶುರುವಾಯಿತೆಂದರೆ ಮನೆಯೊಳಗೆ ಕಾಲು ನಿಲ್ಲುತ್ತಿರಲಿಲ್ಲ. ನಿಮ್ಮಲ್ಲಿಯೂ ಹಾಗೇ ಇದ್ದೀತು. ಮಾನ್ವಿಯ ನಮ್ಮ ಓಣಿಯಲ್ಲಿ ಬೆಳಗಿನ ಹೊತ್ತು ಕುಂಟಾಬಿಲ್ಲೆ, ಬಿಸಿಲೇರಿದ ಮೇಲೆ ಯಾರದಾದರೂ ಮನೆಯ ಕಟ್ಟೆಯ ನೆರಳಲ್ಲಿ ಚೌಕಾಬಾರ, ಸಂಜೆ ಮತ್ತೆ ಬೀದಿ. ಗಿರಣಿಗಳ ಕಡೆಯಿಂದ ಕುದಿಸಿದ ಭತ್ತದ ವಾಸನೆ ಬರುತ್ತಿತ್ತು. ಮಾಳಿಗೆಗಳ ಮೇಲೆ ಒಣಹಾಕಿದ ಮೆಣಸಿನಕಾಯಿಯ ಘಾಟಿಗೆ ಆಟದ ನಡುವೆಯೇ ಎಲ್ಲರೂ ಸೀನುತ್ತಿದ್ದೆವು. ನಾನು ಐದನೇ ಕ್ಲಾಸು ಪಾಸಾದ ವರ್ಷದ ರಜೆ ಮಾತ್ರ ಒಂದು ದಿನವೂ ನೆಮ್ಮದಿಯಿಂದ ಕಳೆಯಲಿಲ್ಲ. ಕಾರಣ ನಮ್ಮ ನಾಯಿ ಮೋತಿ.

ಮೋತಿ ಬಿಳಿ ನಾಯಿ. ಮೂಗು ಗುಲಾಬಿ, ಹೊಟ್ಟೆಯ ಮೇಲೆ ಕೂದಲು ಅಷ್ಟಕ್ಕಷ್ಟೇ. ಅಪ್ಪನ ಬೀಜ-ಗೊಬ್ಬರದ ಅಂಗಡಿಯ ಮುಂದೆ ಮರಿಯಾಗಿದ್ದಾಗ ಬಂದು ಕೂತದ್ದು, ಎಬ್ಬಿಸಿದರೂ ಏಳಲಿಲ್ಲವಂತೆ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಮೋತಿಗೂ ಜೋಳದ ರೊಟ್ಟಿ, ಮಜ್ಜಿಗೆ, ಹಬ್ಬಕ್ಕೆ ಹೋಳಿಗೆ. ಸೋಮವಾರ ಅಜ್ಜಿ ತನ್ನ ಪೂಜೆ ಮುಗಿಸಿ ನಾಯಿಯ ಹಣೆಗೂ ವಿಭೂತಿ ಹಚ್ಚುತ್ತಿದ್ದಳು. ಓಣಿಯವರು ಹೋಗುತ್ತ ಬರುತ್ತ, “ಮೋತಿ ಶರಣ್ರು ಪ್ರಸಾದ ಮಾಡಿದ್ರೇನ್ರಿ?” ಎಂದು ಕೇಳುತ್ತಿದ್ದರು. ಅದು ಚೇಷ್ಟೆ ಎಂದು ಅಜ್ಜಿಗೆ ಅನ್ನಿಸುತ್ತಲೇ ಇರಲಿಲ್ಲ. “ಮಾಡ್ಯಾರ್ರಿ, ಈಗ ಮಲಗ್ಯಾರ,” ಎಂದು ಉತ್ತರ ಕೊಡುತ್ತಿದ್ದಳು.

ರಜೆ ಶುರುವಾದ ವಾರವೇ ಶರಣರು ಊಟ ಬಿಟ್ಟರು. ಕಿವಿಯ ತುಂಬ ಉಣ್ಣಿ. ವಸಡು ಬೆಳ್ಳಗಾಗಿತ್ತು, ಏಳಲು ಹೋದರೆ ಹಿಂಗಾಲು ನಡುಗುತ್ತಿತ್ತು. ಅಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ, ನನ್ನ ತೊಡೆಯ ಮೇಲೆ ಇಟ್ಟು, ಗಾಡಿಯಲ್ಲಿ ದನದ ದವಾಖಾನೆಗೆ ಕರೆದುಕೊಂಡು ಹೋದ. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿದರು, ರಕ್ತ ತೆಗೆದರು.

“ಉಣ್ಣಿ ಕಡಿದು ರಕ್ತದಾಗ ರೋಗದ ಜೀವಿ ಹೊಕ್ಕಾವ್ರಿ. ಕಣ್ಣಿಗೆ ಕಾಣಂಗಿಲ್ಲ. ದಿನಕ್ಕೊಂದು ಗುಳಿಗಿ, ಮೂರು ವಾರ. ನಡುವ ಬಿಟ್ರ ನಾಯಿ ಉಳಿಯಂಗಿಲ್ಲ ನೋಡ್ರಿ. ಖಾಲಿ ಹೊಟ್ಟಿಗೆ ಕೊಡಬ್ಯಾಡ್ರಿ, ಹಾಲು ಮಜ್ಜಿಗಿ ಜೋಡಿನೂ ಬ್ಯಾಡ.”

ನಾಯಿ ಉಳಿಯಂಗಿಲ್ಲ ಎಂಬುದೊಂದೇ ನನಗೆ ಕೇಳಿಸಿತು. ಗುಳಿಗೆ ಕೊಡುವ ಕೆಲಸ ನನಗೇ ಬೇಕೆಂದು ಹಟ ಹಿಡಿದೆ, ಅಪ್ಪನೂ ಒಪ್ಪಿದ. ಆಮೇಲೆ ಗೊತ್ತಾಯಿತು ಅದೆಂಥ ಕೆಲಸ ಅಂತ. ಮಜ್ಜಿಗೆಯಿಲ್ಲದ ಒಣರೊಟ್ಟಿಯಲ್ಲಿ ಗುಳಿಗೆ ಅಡಗುತ್ತಿರಲಿಲ್ಲ. ಮೋತಿ ರೊಟ್ಟಿ ನುಂಗಿ ಗುಳಿಗೆಯನ್ನು ಮಾತ್ರ ನೆಲದ ಮೇಲೆ ಜೋಪಾನವಾಗಿ ಇಡುತ್ತಿತ್ತು. ಬೆಲ್ಲದಲ್ಲಿ ಇಟ್ಟರೆ ಬೆಲ್ಲ ನೆಕ್ಕುತ್ತಿತ್ತು. ಎರಡು ದಿನ ಹೀಗೇ ಹಾಳಾದವು. ನಾನು ಹಿತ್ತಲಲ್ಲಿ ಕೂತು ಅತ್ತೆ.

ಸುಜಾತಾ ಬಂದದ್ದು ಆಗ. ನನ್ನ ಕ್ಲಾಸಿನವಳು, ಕುಂಟಾಬಿಲ್ಲೆಯಲ್ಲಿ ನನ್ನ ಜೋಡಿ. ಅವರ ಅವ್ವ ಸರಕಾರಿ ದವಾಖಾನೆಯಲ್ಲಿ ಸಿಸ್ಟರ್. ನಮ್ಮಿಂದ ಎರಡು ಓಣಿ ಆಚೆ ಬಾಡಿಗೆ ಮನೆ, ಅಂಗಳದಲ್ಲಿ ಮೊಟ್ಟೆ ಇಡುವ ನಾಲ್ಕು ಕೋಳಿ. ಸುಜಾತಾ ನಮ್ಮ ಕಟ್ಟೆಯವರೆಗೆ ಬರುತ್ತಿದ್ದಳು, ಹಿತ್ತಲ ಬಾಗಿಲಿಂದ ಹಿತ್ತಲಿಗೆ ಬರುತ್ತಿದ್ದಳು, ಹೊಸ್ತಿಲು ದಾಟುತ್ತಿರಲಿಲ್ಲ. ದಾಟಬೇಡ ಎಂದು ಅವಳಿಗೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ದಾಟು ಎಂದು ನಾನೂ ಹೇಳಿರಲಿಲ್ಲ.

“ನಿಮ್ಮ ಮನ್ಯಾಗ ತತ್ತಿ ಅದಾವಲ್ಲ,” ಎಂದು ನಾನೇ ಕೇಳಿದೆ. “ಕುದಿಸಿದ ತತ್ತಿಯೊಳಗ ಗುಳಿಗಿ ಇಟ್ರ ಗೊತ್ತಾಗಂಗಿಲ್ಲ.”

ಅವಳು ನನ್ನ ಮುಖ ನೋಡಿದಳು. “ಯವ್ವಾ! ನಿಮ್ಮಜ್ಜಿಗೆ ಗೊತ್ತಾದ್ರ?”

“ಗೊತ್ತಾಗಂಗಿಲ್ಲ.”

“ಬ್ಯಾಡಬೇ ನೀಲಾ. ಆಮ್ಯಾಲೆ ನನ್ನ ಮ್ಯಾಲೆ ಬರ್ತದ.”

“ನಿನ್ನ ಹೆಸರು ತೆಗೆಯಂಗಿಲ್ಲ. ಆಣಿ ಮಾಡ್ತೀನಿ.” ತಲೆಯ ಮೇಲೆ ಕೈ ಇಟ್ಟುಕೊಂಡು ಆಣೆ ಮಾಡಿದೆ. ಆಣೆ ಮಾಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಮರುದಿನದಿಂದ ಅಜ್ಜಿ ಲಿಂಗಪೂಜೆಗೆ ಕೂತ ಹೊತ್ತು ನೋಡಿ ಸುಜಾತಾ ಹಿತ್ತಲಿಗೆ ಬರುತ್ತಿದ್ದಳು, ನೋಟ್‌ಬುಕ್ಕಿನ ಹಾಳೆಯಲ್ಲಿ ಬಿಸಿ ಬಿಸಿ ತತ್ತಿ ಸುತ್ತಿಕೊಂಡು. ನಾನು ಹಳದಿಯೊಳಗೆ ಗುಳಿಗೆ ಒತ್ತುತ್ತಿದ್ದೆ. ಮೋತಿ ಎರಡು ಸಲ ಬಾಯಾಡಿಸಿದರೆ ಮುಗಿಯಿತು. ಒಳಗೆ ಅಜ್ಜಿಯ ಮಂತ್ರ, ಹೊರಗೆ ಶರಣರ ಚಪ್ಪರಿಕೆ! ನಾವಿಬ್ಬರೂ ಬಾಯಿಗೆ ಲಂಗ ತುರುಕಿಕೊಂಡು ನಗುತ್ತಿದ್ದೆವು. ಆಮೇಲೆ ವಾಸನೆ ಹೋಗಲೆಂದು ಕೈಗೆ ಬೇವಿನೆಲೆ ತಿಕ್ಕಿಕೊಳ್ಳುತ್ತಿದ್ದೆ. ರೊಟ್ಟಿ ತಿನ್ನುವಾಗ ಕೈಯೆಲ್ಲ ಕಹಿ.

ನಾಲ್ಕೈದು ದಿನಕ್ಕೆ ಮೋತಿ ಎದ್ದು ನಿಂತಿತು, ಬಾಲ ಆಡಿಸಿತು. ಅಜ್ಜಿ ಅದನ್ನು ದಿನಾ ಬೆಳಿಗ್ಗೆ ಅಂಗಳದ ಕಲ್ಲಿಗೆ ಬಿಸಿಲಲ್ಲಿ ಕಟ್ಟುತ್ತಿದ್ದಳು, ಅದು ಅಲ್ಲೇ ಹೊಟ್ಟೆ ಮೇಲೆ ಮಾಡಿ ಮಲಗುತ್ತಿತ್ತು. “ಬಿಸಿಲಿಗೆ ಉಣ್ಣಿ ಉದರತಾವ,” ಎನ್ನುವುದು ಅವಳ ಲೆಕ್ಕ. ತತ್ತಿ ಶುರುವಾದ ಎಂಟನೇ ದಿನ ನಾನು ಹೊಟ್ಟೆ ಸವರಲು ಹೋದರೆ ಮೋತಿ ಕುಂಯ್ ಎಂದಿತು. ಬಗ್ಗಿ ನೋಡಿದೆ. ಹೊಟ್ಟೆ, ತೊಡೆಯ ಸಂದು, ಕಿವಿಯ ಒಳಗೆ, ಮೂಗಿನ ಮೇಲೆ ಎಲ್ಲ ಕೆಂಪು. ಮೆಣಸಿನಪುಡಿ ತಿಕ್ಕಿದ ಹಾಗೆ ಕೆಂಪು.

ಬದನೆಕಾಯಿ ತಿಂದರೆ ಸುಜಾತಾಳ ತಮ್ಮನ ಮೈ ಹೀಗೇ ಕೆಂಪಾಗಿ ತುರಿಸುತ್ತಿತ್ತು, ಅವರ ಅವ್ವ ಅದನ್ನು ನಂಜು ಎನ್ನುತ್ತಿದ್ದರು. ಹುಟ್ಟಿದಾಗಿಂದ ರೊಟ್ಟಿ ತಿಂದ ನಾಯಿಗೆ ತತ್ತಿ ನಂಜಾಗಿದೆ ಎಂದು ನಾನು ತೀರ್ಮಾನ ಮಾಡಿದೆ. ಹೇಳುವಂತಿಲ್ಲ, ಬಿಡುವಂತಿಲ್ಲ. ತತ್ತಿ ಬಿಟ್ಟರೆ ಗುಳಿಗೆ ಹೋಗುವುದಿಲ್ಲ. ಆಟದ ನಡುವೆ ಎದ್ದು ಹೋಗಿ ಹೊಟ್ಟೆ ನೋಡುವುದು, ಬರುವುದು, ಮತ್ತೆ ಹೋಗುವುದು. “ಏನಬೇ, ಹತ್ತು ಸಲ ಬಚ್ಚಲಕ್ಕ ಹೋಗಾಕತ್ತಿ?” ಎಂದು ಅವ್ವ ಬೈದಳು.

ಎರಡು ದಿನದಲ್ಲಿ ಅಜ್ಜಿಯ ಕಣ್ಣಿಗೂ ಬಿತ್ತು. “ನೋಡಪ್ಪಾ, ಗುಳಿಗಿ ಉಷ್ಣ ಆಗಿ ಸುಟ್ಟಂಗಾಗ್ಯಾದ. ಮೂಕ ಪ್ರಾಣಿ, ಬಾಯಿ ಬಿಟ್ಟು ಹೇಳ್ತದೇನು? ಇವತ್ತಿಂದ ಗುಳಿಗಿ ಸಾಕು,” ಎಂದು ಅಪ್ಪನಿಗೆ ಹೇಳಿದಳು. ಅಪ್ಪ ತಲೆ ಕೆರೆದುಕೊಂಡ. ಅಜ್ಜಿಯ ಮಾತಿಗೆ ಎದುರಾಡುವ ಅಭ್ಯಾಸ ಅವನಿಗಿರಲಿಲ್ಲ. ಗುಳಿಗೆಯ ಪೊಟ್ಟಣ ನನ್ನ ಕೈಯಿಂದ ಹೋಗಿ ದೇವರ ಮಾಡದ ಮೇಲಿನ ಹಲಗೆಗೆ ಏರಿತು. ಅಲ್ಲಿಗೆ ನನ್ನ ಕೈ ಎಟುಕುತ್ತಿರಲಿಲ್ಲ.

ಆ ದಿನ ಗುಳಿಗೆ ಇಲ್ಲ. ಮರುದಿನ ಬೆಳಿಗ್ಗೆಯೂ ಇಲ್ಲ. ಮೋತಿ ಮತ್ತೆ ಮುದುಡಿ ಮಲಗಿತು. ನಡುವೆ ಬಿಟ್ಟರೆ ಉಳಿಯುವುದಿಲ್ಲ ಎಂದ ಡಾಕ್ಟರ ಮಾತು ತಲೆಯಲ್ಲಿ ತಿರುಗುತ್ತಿತ್ತು. ಅಪ್ಪ ಊಟಕ್ಕೆ ಕೂತಾಗ ತಡೆಯಲಾರದೆ ಹೇಳಿಬಿಟ್ಟೆ.

“ಗುಳಿಗಿಯಿಂದ ಆಗಿಲ್ಲಪ್ಪಾ. ತತ್ತಿಯಿಂದ ಆಗ್ಯಾದ.”

ಅವ್ವನ ಕೈಯ ರೊಟ್ಟಿ ಅಲ್ಲೇ ನಿಂತಿತು. ಅಜ್ಜಿ ಒಳಗಿಂದ ಬಂದಳು. “ಯಾವ ತತ್ತಿ?”

ಹೇಳಿದೆ.

“ಯಾರು ಕೊಟ್ರು?”

ನಾನೇ ಕೇಳಿ ತರಿಸಿದೆ ಎನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ. “ಸುಜಾತಾ ಕೊಟ್ಲು.” ಸುಳ್ಳಲ್ಲ ನೋಡಿ. ಅವಳೇ ಕೊಟ್ಟದ್ದು. ಇಷ್ಟು ವರ್ಷವಾದರೂ ಆ ಒಂದು ಮಾತಿಗೆ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಯಾರೂ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಅಜ್ಜಿ ಹಿತ್ತಲು ಸಾರಿಸಿದಳು, ಮೋತಿಗೆ ಸ್ನಾನ ಮಾಡಿಸಿ ಸೋಮವಾರವಲ್ಲದಿದ್ದರೂ ವಿಭೂತಿ ಹಚ್ಚಿದಳು. ಗುಳಿಗೆ ಮಾತ್ರ ಹಲಗೆಯಿಂದ ಇಳಿಯಿತು. ಅವ್ವ ದವಡೆ ಅಗಲಿಸಿ ಹಿಡಿದಳು, ಅಪ್ಪ ಬೆರಳಿಂದ ಗಂಟಲಿಗೆ ತಳ್ಳಿದ. ಇಷ್ಟು ಸಲೀಸೆಂದು ಗೊತ್ತಿದ್ದರೆ! ನನಗೆ ಬೇಕಾದದ್ದು ಸಿಕ್ಕಿತ್ತು.

ಸಂಜೆ ಸುಜಾತಾ ಬಿಲ್ಲೆ ಹಿಡಿದು ಕಟ್ಟೆಗೆ ಬಂದಳು. ಅಜ್ಜಿ ಬಾಗಿಲಲ್ಲಿ ನಿಂತಳು. ದನಿ ಏರಿಸಲಿಲ್ಲ, ಬೈಯಲಿಲ್ಲ.

“ತಪ್ಪು ತಿಳ್ಕೋಬ್ಯಾಡವ್ವಾ. ನಿಮ್ಮ ತತ್ತಿ ತಿಂದು ನಮ್ಮ ಮೋತಿ ಮೈಯೆಲ್ಲ ಕೆಂಪಾಗ್ಯಾದ. ಉಳೀತದೋ ಇಲ್ಲೋ. ಇನ್ನ ನೀ ನಮ್ಮ ಮನಿ ಕಡಿ ಬರಬ್ಯಾಡ.”

ನಾನು ಅಜ್ಜಿಯ ಬೆನ್ನಿಗೇ ಇದ್ದೆ. ಸುಜಾತಾ ನನ್ನ ಕಡೆ ನೋಡಿದಳು. ನೀಲಾನೇ ಕೇಳಿದಳು ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ನಾನು ನೆಲದ ಹಾಸುಗಲ್ಲು ನೋಡುತ್ತ ನಿಂತೆ. ತಲೆ ಎತ್ತಿದಾಗ ಅವಳು ಹೋಗಿಯಾಗಿತ್ತು.

ತತ್ತಿ ಬಿಟ್ಟು ಮೂರು ದಿನವಾದರೂ ಕೆಂಪು ಇಳಿಯಲಿಲ್ಲ. ಮೂಗಿನ ಮೇಲೆ ಸಿಪ್ಪೆ ಏಳತೊಡಗಿತು. ನಾಲ್ಕನೇ ದಿನ ಅಪ್ಪ ಮತ್ತೆ ಗಾಡಿ ತೆಗೆದ. ಡಾಕ್ಟರು ಹೊಟ್ಟೆ ನೋಡಿದರು, ಬೆನ್ನು ನೋಡಿದರು.

“ನಾಯಿ ಎಲ್ಲಿ ಕಟ್ತೀರಿ?”

“ಅಂಗಳದಾಗ್ರಿ. ಮುಂಜಾನಿ ಬಿಸಿಲಿಗೆ.”

“ಅದ ನೋಡ್ರಿ ಮತ್ತ. ಈ ಗುಳಿಗಿ ನುಂಗಿದಾಗ ಕೆಲವಕ್ಕ ಬಿಸಿಲು ತಡಕೊಳ್ಳಾಕ ಆಗಂಗಿಲ್ಲ. ಬಿಳಿ ನಾಯಿ, ತೆಳು ಚರ್ಮ, ಅದರಾಗ ನಮ್ಮ ರಾಯಚೂರು ಸೀಮಿ ಬಿಸಿಲು! ನೆರಳಾಗ ಕಟ್ರಿ, ಈ ಮುಲಾಮು ಹಚ್ರಿ. ಗುಳಿಗಿ ಬಿಡಬ್ಯಾಡ್ರಿ.”

ನಾನು ಬಾಯಿ ಹಾಕಿದೆ. “ಗುಳಿಗಿ ತತ್ತಿಯೊಳಗ ಇಟ್ಟು ಕೊಟ್ಟಿದ್ದೆ, ನಾಕೈದು ದಿನಕ್ಕ ಎದ್ದಿತ್ತು. ತತ್ತಿಯಿಂದ ಆಗಿದ್ದಲ್ಲೇನ್ರಿ ಸರ್?”

ಅವರು ನಕ್ಕರು. “ಅಲ್ಲವ್ವಾ. ತತ್ತಿ ತಿಂದೇ ಎದ್ದು ನಿಂತಿತ್ತಲ್ಲ? ಈ ಗಾಯ ನೋಡು, ಬಿಸಿಲು ಬಿದ್ದಲ್ಲೇ ಆಗ್ಯಾವ.”

ಬರುವಾಗ ಅಪ್ಪ ದಾರಿಯಲ್ಲಿ ಗಾಡಿ ನಿಲ್ಲಿಸಿ ಹೇಳಿದ, “ಬಿಸಿಲಿಗೆ ಕಟ್ಟಿದ್ದಕ್ಕ ಹಿಂಗಾತು ಅಂತ ಅಜ್ಜಿ ಮುಂದ ಹೇಳಬ್ಯಾಡ. ವಯಸ್ಸಾದವಳು, ಮನಸಿಗೆ ಹಚ್ಕೋತಾಳ.”

“ಮತ್ತ ಸುಜಾತಾ?”

“ಅದನ್ನ ಆಮ್ಯಾಲೆ ನೋಡೋಣ,” ಎಂದು ಅಪ್ಪ ಗಾಡಿ ಚಾಲೂ ಮಾಡಿದ.

ಗುಳಿಗೆ ಉಷ್ಣ, ನೆರಳಲ್ಲಿ ಕಟ್ಟಬೇಕಂತೆ ಎಂದಷ್ಟೇ ಮನೆಯಲ್ಲಿ ಹೇಳಿದ. “ನಾ ಮೊದಲ ಹೇಳಿದ್ದಿಲ್ಲೇನು?” ಎಂದು ಅಜ್ಜಿ ಗೆದ್ದವಳ ಹಾಗೆ ನಮ್ಮೆಲ್ಲರನ್ನೂ ನೋಡಿದಳು. ನೆರಳಿಗೆ ಬಂದ ಮೇಲೆ ಹತ್ತು ದಿನದಲ್ಲಿ ಮೋತಿಯ ಹೊಟ್ಟೆ ತಿಳಿಯಾಯಿತು. ಮೂರು ವಾರದ ಗುಳಿಗೆ ಮುಗಿಯಿತು. ನಾಯಿ ಬದುಕಿತು.

ದಿನಾ ಇವತ್ತು ಹೋಗಿ ಹೇಳಬೇಕು ಎಂದುಕೊಳ್ಳುತ್ತಿದ್ದೆ. ಒಂದು ಸಲ ಅವರ ಓಣಿಯ ತಿರುವಿನವರೆಗೂ ಹೋದೆ. ಕೋಳಿಗಳು ಕಂಡವು, ಅವಳ ತಮ್ಮ ಕಂಡ. ಅವಳು ಕಾಣುವ ಮೊದಲೇ ಓಡಿ ಬಂದೆ. ಶಾಲೆ ಶುರುವಾಗುವ ಹೊತ್ತಿಗೆ ಅವರ ಅವ್ವನಿಗೆ ದೇವದುರ್ಗಕ್ಕೆ ವರ್ಗವಾಗಿತ್ತು. ಬೆಂಚಿನಲ್ಲಿ ನನ್ನ ಪಕ್ಕ ಬೇರೆ ಯಾರೋ ಬಂದು ಕೂತರು.

ಬಾಲ್ಯದಲ್ಲಿ ಕಳೆದುಕೊಂಡದ್ದು ಏನು ಎಂದರೆ ಎಲ್ಲರೂ ಆಟ, ಮಾಳಿಗೆ, ಅಜ್ಜಿ ಎನ್ನುತ್ತಾರೆ. ನನಗೂ ಅವೆಲ್ಲ ಹೋದವು. ಅಜ್ಜಿ ಹೋದಳು, ಆ ಬೇಸಿಗೆಯ ಮೇಲೆ ಎಂಟು ವರ್ಷ ಬಾಳಿ ಮೋತಿ ಹೋಯಿತು. ಅವು ಹೋಗಬೇಕಾದ ಕಾಲಕ್ಕೆ ಹೋದವು, ಆ ದುಃಖ ಆರಿದೆ. ಸುಜಾತಾಳನ್ನು ಕಾಲ ಕಿತ್ತುಕೊಳ್ಳಲಿಲ್ಲ, ನಾನೇ ಕೈಬಿಟ್ಟೆ.

ಹೋದ ವರ್ಷ ರಾಯಚೂರಿನ ಬಸ್ ನಿಲ್ದಾಣದಲ್ಲಿ ಯಾರೋ ಭುಜ ಮುಟ್ಟಿದರು. “ನೀಲಾ ಅಲ್ಲೇನು?” ಕನ್ನಡಕ, ಹೆಗಲಿಗೆ ಚೀಲ. ಗುರುತು ಹಿಡಿಯಲು ನನಗೆ ತುಸು ಹೊತ್ತು ಬೇಕಾಯಿತು. ದೇವದುರ್ಗದ ಹತ್ತಿರದ ಅರಕೇರಾದ ಶಾಲೆಯಲ್ಲಿ ಟೀಚರ್ ಆಗಿದ್ದೇನೆ ಎಂದಳು. ಮದುವೆ, ಮಕ್ಕಳು, ಕೆಲಸ ಯಾವುದನ್ನೂ ಕೇಳುವ ಮೊದಲು ಅವಳು ಕೇಳಿದ್ದು ಇದು:

“ನಿಮ್ಮ ಮೋತಿ ಉಳೀತೇನು?”

“ಉಳೀತು. ಆಮ್ಯಾಲೆ ಎಂಟು ವರ್ಷ ಇತ್ತು.”

ಅವಳು ಉಸಿರು ಬಿಟ್ಟಳು. “ನಾ ಸತ್ತದ ಅಂತಾನ ತಿಳ್ಕೊಂಡಿದ್ದೆ. ನನ್ನ ಕೈಯಿಂದ ಆತು ಅಂತ. ಬಾಳ ದಿನ ನನಗ ತತ್ತಿ ತಿನ್ನಾಕ ಆಗ್ತಿದ್ದಿಲ್ಲ, ಅವ್ವ ಬೈತಿದ್ಲು.”

“ತತ್ತಿಯಿಂದ ಆಗಿದ್ದಲ್ಲ ಸುಜಾತಾ. ಗುಳಿಗಿ ನುಂಗಿಸಿ ಬಿಸಿಲಿಗೆ ಕಟ್ಟಿದ್ದಕ್ಕ ಆಗಿತ್ತು. ಡಾಕ್ಟ್ರು ಅವಾಗ ಹೇಳಿದ್ರು.”

“ಅವಾಗಂದ್ರ ಯಾವಾಗ?”

“ನೀ ಬಂದು ಹೋದ ನಾಕನೇ ದಿನ.”

ದೇವದುರ್ಗದ ಬಸ್ಸು ಬಂದು ನಿಂತಿತು. ಅವಳು ಚೀಲ ಸರಿಮಾಡಿಕೊಂಡಳು, ಎರಡು ಹೆಜ್ಜೆ ಹೋಗಿ ತಿರುಗಿದಳು. ಸಿಟ್ಟಿರಲಿಲ್ಲ ಮುಖದಲ್ಲಿ.

“ನಾವು ಜೂನ್ ತನಕ ಅಲ್ಲೇ ಇದ್ವಲ್ಲ ನೀಲಾ,” ಎಂದಳು.