ಮೇಲಿನಿಂದ ತೋಡಿದ ಚರಂಡಿ

ಬಂಟ್ವಾಳದಿಂದ ನೇತ್ರಾವತಿಯ ದಂಡೆ ಹಿಡಿದು ಎರಡು ಗಂಟೆ ನಡೆದರೆ ಹೊಳೆಕಟ್ಟೆ ಪೇಟೆ. ಅಲ್ಲಿಯ ಪಂಚಾಯತಿನಲ್ಲಿ ಜತ್ತಪ್ಪ ಬಿಲ್ ಕಲೆಕ್ಟರ್. ಮನೆತೆರಿಗೆ ಕೇಳಲು ಬಂದವನನ್ನು ಯಾರೂ ಕೂತುಕೋ ಎನ್ನುವುದಿಲ್ಲ. ಆದರೆ ಕೆಳಕೇರಿಯಲ್ಲಿ ಅವನಿಗೆ ಮಣೆ ಹಾಕುತ್ತಿದ್ದರು, ಬೆಲ್ಲ ನೀರು ಕೊಡುತ್ತಿದ್ದರು. ಓದು ಬಾರದ ಆ ಕೇರಿಯವರ ಕಾಗದಗಳನ್ನು ಓದಿ ಹೇಳುವವನು, ಬೊಂಬಾಯಿಗೆ ಹೋದ ಗಂಡಂದಿರಿಗೆ ಉತ್ತರ ಬರೆದುಕೊಡುವವನು ಅವನೇ.

ಪೇಟೆ ಇರುವುದು ಇಳಿಜಾರಿನಲ್ಲಿ. ಮೇಲೆ ಜವಳಿ ಅಂಗಡಿ, ಅಡಿಕೆ ಮಂಡಿಗಳ ಸಾಲು. ಹೊಳೆಯ ಹತ್ತಿರ ಕೆಳಕೇರಿ. ಮಳೆಗಾಲದಲ್ಲಿ ರಸ್ತೆಯೇ ತೋಡಾಗಿ ನೀರು ಅಂಗಡಿಗಳ ಮೆಟ್ಟಿಲು ಹತ್ತುತ್ತಿತ್ತು, ಉಳಿದದ್ದು ಕೆಳಕೇರಿಯ ಅಂಗಳಗಳಲ್ಲಿ ನಿಲ್ಲುತ್ತಿತ್ತು. ೧೯೫೮ರಲ್ಲಿ ಪಂಚಾಯತು ಹೊಳೆಯ ತನಕ ಕಲ್ಲಿನ ಚರಂಡಿ ಕಟ್ಟುವುದೆಂದು ನಿಶ್ಚಯಿಸಿತು. ಊರವರು ಅರ್ಧ ಹಣ ಕೂಡಿಸಿದರೆ ಉಳಿದರ್ಧ ಸರಕಾರದ್ದು. ಊರಿನ ಪಾಲಿಗಾಗಿ ಐದು ವರ್ಷ ಮನೆತೆರಿಗೆಯ ಜೊತೆ ಚರಂಡಿ ತೆರಿಗೆ ಹಾಕಿದರು.

ಮೇಲಿನ ಪೇಟೆಯವರು ತೆರಿಗೆ ಹೆಚ್ಚಾಯಿತೆಂದು ದಾವೆ ಹೂಡಿ, ಅದು ತೀರ್ಮಾನವಾಗುವ ತನಕ ಕಾಸು ಬಿಚ್ಚುವುದಿಲ್ಲವೆಂದು ಕೂತರು. ಎಲ್ಲಿಂದಾದರೂ ವಸೂಲಿ ಶುರು ಮಾಡೆಂದು ಅಧ್ಯಕ್ಷರು ಜತ್ತಪ್ಪನನ್ನು ಕೆಳಕೇರಿಗೆ ಕಳಿಸಿದರು.

ಅಲ್ಲಿ ಮೊದಲ ಮನೆ ಜೈನಬಮ್ಮನದು. ಬೀಡಿ ಕಟ್ಟಿ ಬದುಕುವ ವಿಧವೆ. ಒಬ್ಬಳೇ ಮಗಳು ಖದೀಜ. ಹುಡುಗಿಗೆ ವಿಟ್ಲದ ಒಬ್ಬ ದರ್ಜಿಯೊಡನೆ ಮದುವೆ ಗೊತ್ತಾಗಿತ್ತು.

"ಕೊಟ್ಟರೆ ನಮ್ಮಲ್ಲಿಗೆ ಚರಂಡಿ ಬರ್ತದಾ, ಜತ್ತಪ್ಪಣ್ಣ?" ಎಂದು ಜೈನಬಮ್ಮ ಕೇಳಿದಳು.

"ನಕ್ಷೆ ನಾನೇ ನೋಡಿದ್ದೇನೆ. ಹೊಳೆಯ ಬದಿಯಿಂದ ಕಟ್ಟುತ್ತಾ ಮೇಲೆ ಹೋಗ್ತಾರೆ. ಮೊದಲು ನಿಮಗೇ."

ಅವನು ಸುಳ್ಳು ಹೇಳಲಿಲ್ಲ. ನೀರು ಹೊರಗೆ ಹೋಗುವ ಬಾಯಿ ಮೊದಲು ಆಗಬೇಕೆಂದು ಚರಂಡಿ ಕೆಲಸದ ಓವರ್ಸಿಯರ್ ಅವನಿಗೆ ಬಿಡಿಸಿ ಹೇಳಿದ್ದರು. ಜೈನಬಮ್ಮ ಮದುವೆಗೆಂದು ಕೂಡಿಟ್ಟದ್ದರಿಂದ ತೆಗೆದುಕೊಟ್ಟಳು. ಅವಳು ಕೊಟ್ಟದ್ದನ್ನು ಕಂಡು ಕೇರಿಯೇ ಕೊಟ್ಟಿತು.

ಮಾರ್ಚ್ ತಿಂಗಳಲ್ಲಿ ಕಲ್ಲಿನ ಗಾಡಿಗಳು ಬಂದವು. ಬಂದವು ಮೇಲಿನ ಪೇಟೆಗೆ. ಜತ್ತಪ್ಪ ಓಡಿಹೋಗಿ ಅಧ್ಯಕ್ಷರನ್ನು ಕೇಳಿದ.

"ಅಂಗಡಿಯವರು ದುಡ್ಡು ಕೊಡಬೇಕಾದರೆ ಅವರ ಎದುರು ಕೆಲಸ ಕಾಣಬೇಕಲ್ಲ ಮಾರಾಯ," ಎಂದರು ಅಧ್ಯಕ್ಷರು.

ಕೆಲಸ ಕಂಡ ಮೇಲೂ ಅಂಗಡಿಯವರು ಕೊಡಲಿಲ್ಲ. ಊರಿನ ಪಾಲು ತುಂಬದ್ದರಿಂದ ಸರಕಾರದ್ದೂ ಬರಲಿಲ್ಲ. ಮೇ ಕೊನೆಗೆ ಹಣ ಮುಗಿದು, ಚರಂಡಿ ಕೆಳಕೇರಿಯ ತಲೆಯ ಮೇಲೆ ಬಂದು ನಿಂತಿತು. ಮಳೆ ಬಂದರೆ ಮೇಲಿನ ನೀರೆಲ್ಲ ಕೇರಿಯ ಮೇಲೆ ಬೀಳುತ್ತದೆಂದು ಜತ್ತಪ್ಪನಿಗೆ ತಿಳಿದಿತ್ತು. ಹೋಗಿ ಎಚ್ಚರಿಸಬೇಕೆಂದು ದಿನಾ ಹೊರಡುತ್ತಿದ್ದ. ಕೊಟ್ಟ ಮಾತಿನ ನೆನಪಾಗಿ ಕಾಲು ಹಿಂದೆಗೆಯುತ್ತಿತ್ತು. ಮಳೆಗೆ ಮೊದಲು ಅವನು ಆ ಕಡೆ ತಲೆ ಹಾಕಲೇ ಇಲ್ಲ.

ಮೊದಲು ಊರಿಡೀ ಹರಡಿ ನಿಧಾನವಾಗಿ ಇಳಿಯುತ್ತಿದ್ದ ನೀರು ಈಗ ಕಲ್ಲಿನ ಕಾಲುವೆಯಲ್ಲಿ ಒಟ್ಟಾಗಿ ನುಗ್ಗಿ ಬಂತು. ಜೂನಿನ ದೊಡ್ಡ ಮಳೆಯ ಮೂರನೆಯ ಬೆಳಿಗ್ಗೆ ಜೈನಬಮ್ಮನ ಮನೆಯ ಮಣ್ಣಿನ ಗೋಡೆ ಕುಸಿಯಿತು. ಬೀಡಿ ಎಲೆಯ ಕಟ್ಟು ಎತ್ತಲು ಬಗ್ಗಿದ್ದ ಖದೀಜ ಅದರಡಿ ಸಿಕ್ಕಳು. ಮಂಗಳೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿದಳು. ಜೀವ ಉಳಿಯಿತು, ಬಲಗಾಲಿನ ಮಂಡಿ ಮತ್ತೆ ಮಡಚಲಿಲ್ಲ. ವಿಟ್ಲದವರು ಸಂಬಂಧ ಬೇಡವೆಂದು ಹೇಳಿಕಳಿಸಿದರು.

ಅನಂತರ ಜತ್ತಪ್ಪ ಹೋದ. ಜೈನಬಮ್ಮ ಎಂದಿನಂತೆ ಮಣೆ ಹಾಕಿದಳು. ಅವನು ಕೂರಲಿಲ್ಲ. ಹೀಗಾಗುತ್ತದೆಂದು ಮಳೆಗೆ ಮೊದಲೇ ತನಗೆ ಗೊತ್ತಿತ್ತೆಂದು ಹೇಳಿದ.

ಅವಳು ಮಣೆಯನ್ನು ಎತ್ತಿ ಒಳಗಿಟ್ಟಳು.

"ಬಂದು ಒಂದು ಮಾತು ಹೇಳಬಹುದಿತ್ತು. ಮಗಳನ್ನು ಕರಕೊಂಡು ಅಕ್ಕನ ಮನೆಗೆ ಹೋಗ್ತಿದ್ದೆ."

ಮರುವರ್ಷದ ತೆರಿಗೆಗೆ ಕೇರಿಯವರು ಇಲ್ಲವೆಂದರು. ಪಾತ್ರೆ ಜಪ್ತಿ ಮಾಡಲು ಆಜ್ಞೆಯಾಯಿತು. ಕೆಳಕೇರಿಯ ಮನೆಗಳ ತೆರಿಗೆಯನ್ನಾದರೂ ಮನ್ನಾ ಮಾಡಿ ಎಂದು ಜತ್ತಪ್ಪ ಅರ್ಜಿ ಬರೆದ. ಕಾನೂನು ಎಲ್ಲರಿಗೂ ಒಂದೇ ಎಂಬ ಉತ್ತರ ಬಂತು. ಜಪ್ತಿಗೆ ತಾನು ಹೋಗುವುದಿಲ್ಲವೆಂದ. ಅವನನ್ನು ವಾರದ ಸಂತೆಯ ಬಾಗಿಲಲ್ಲಿ ಸುಂಕದ ಚೀಟಿ ಹರಿಯಲು ಹಾಕಿ, ಸಂಬಳ ಇಳಿಸಿದರು. ಅವನ ಹೆಂಡತಿ ಪದ್ಮಾಕ್ಷಿ, ನೀವು ಹೋಗದಿದ್ದರೆ ಇನ್ನೊಬ್ಬ ಹೋಗುತ್ತಾನೆ ಎಂದಿದ್ದಳು. ಹಾಗೆಯೇ ಆಯಿತು. ಹೊಸ ಕಲೆಕ್ಟರ್ ಕೇರಿಯಿಂದ ಹನ್ನೊಂದು ಮನೆಯ ತಾಮ್ರದ ಕೊಡಗಳನ್ನು ಹೊರಿಸಿಕೊಂಡು ಬಂದ.

ದಾವೆ ಮುಗಿದು, ಅಂಗಡಿಯವರು ಕೊಟ್ಟು, ಸರಕಾರದ ಹಣವೂ ಬಂದು ಚರಂಡಿ ಹೊಳೆ ಮುಟ್ಟಿದ್ದು ೧೯೬೪ರಲ್ಲಿ. ಅಷ್ಟರಲ್ಲಿ ಜೈನಬಮ್ಮ ಬಿದ್ದ ಮನೆಯನ್ನು ಬಿಟ್ಟು ವಿಟ್ಲದ ಅಕ್ಕನ ಮನೆ ಸೇರಿದ್ದಳು.

ಮರುವರ್ಷ ಕೆಲಸದ ಮೇಲೆ ವಿಟ್ಲಕ್ಕೆ ಹೋಗಿದ್ದ ಜತ್ತಪ್ಪ, ಬೀಡಿ ಡಿಪೋದ ಸಾಲಿನಲ್ಲಿ ಕೋಲೂರಿ ನಿಂತ ಖದೀಜಳನ್ನು ಕಂಡ. ಚರಂಡಿ ಪೂರ್ತಿಯಾಯಿತು, ಈಗ ಕೇರಿಯಲ್ಲಿ ನೀರು ನಿಲ್ಲುವುದಿಲ್ಲ, ಅಮ್ಮನಿಗೆ ಹೇಳು ಎಂದ.

"ಅಮ್ಮ ರಂಜಾನಿಗೆ ಮೊದಲು ತೀರಿಕೊಂಡರು," ಎಂದಳು ಅವಳು.

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಅವಳೂ ಕಾಲೆಳೆದುಕೊಂಡು ಸರಿದಳು. ಜತ್ತಪ್ಪ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತು, ಬಸ್ಸಿನ ಕಡೆಗೆ ನಡೆದ.