ಅಕ್ಕನ ಗಿಟಾರಿನ ಉದ್ದ ಸ್ವರ

ಆಗೆಲ್ಲ ಜಯನಗರದ ಮನೆಗಳಲ್ಲಿ ಬೆಲೆಬಾಳುವ ವಸ್ತು ಯಾವುದು ಎಂದು ತಿಳಿಯಬೇಕಾದರೆ, ಅದಕ್ಕೆ ಬಟ್ಟೆ ಹೊಲಿಸಿದ್ದಾರೆಯೇ ಎಂದು ನೋಡಿದರೆ ಸಾಕಿತ್ತು. ರೇಡಿಯೋಗೆ ಒಂದು ಅಂಗಿ, ಮಿಕ್ಸಿಗೆ ಒಂದು, ಟೀವಿಗಂತೂ ಕಸೂತಿಯ ಪರದೆ. ಎಂಬತ್ತರ ದಶಕದ ಒಂದು ಶ್ರಾವಣದಲ್ಲಿ ಅಕ್ಕನ ಗಿಟಾರಿಗೆಂದು ಪುಟ್ಟ ಆಂಪ್ಲಿಫೈಯರ್ ಬಂದಾಗ, ಅಮ್ಮ ಹಳೆಯ ಜಮಖಾನದ ತುಂಡಿನಿಂದ ಅದಕ್ಕೂ ದಪ್ಪ ಗವಸು ಹೊಲಿದಳು. ಗುಂಡಿಗಳಿಗೆ ಮಾತ್ರ ಕಿಂಡಿ. ನುಡಿಸುವಾಗಲೂ ತೆಗೆಯುವ ಹಾಗಿಲ್ಲ, ಒಳಗೆ ಧೂಳು ಹೋಗುತ್ತದಂತೆ.

ಸುಧಕ್ಕ ಆಗ ಪಿಯುಸಿ. ನಾನು ಐದನೇ ಕ್ಲಾಸು, ಅವಳ ಅಭಿಮಾನಿ ಸಂಘದ ಏಕೈಕ ಸದಸ್ಯೆ. ಕುಂಟೆಬಿಲ್ಲೆ ಆಟ ಅರ್ಧಕ್ಕೇ ಬಿಟ್ಟು ಬಂದು ಅವಳ ಎದುರು ಕೂರುತ್ತಿದ್ದೆ. ಆ ವರ್ಷ ನಮ್ಮ ಬೀದಿಯ ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಅವಳೊಬ್ಬಳೇ ನುಡಿಸುವ ಒಂದು ಸಾಲು ಮೊದಲ ಸಲ ಸಿಕ್ಕಿತ್ತು. ಕೊನೆಯ ಸ್ವರವನ್ನು ಉದ್ದಕ್ಕೆ ನಿಲ್ಲಿಸಬೇಕು. ಅವಳದ್ದೋ, ಟಿಣ್ ಎಂದು ಹುಟ್ಟಿ ಅಲ್ಲೇ ಸಾಯುತ್ತಿತ್ತು. ಡ್ರಮ್ಮು ಶುರುವಾದರೆ ಆ ಟಿಣ್ ಕೂಡ ಕೇಳಿಸದು.

ತಂಡ ಕಟ್ಟಿದ್ದ ಮುರಳಿ ಖಡಾಖಂಡಿತ ಹೇಳಿಬಿಟ್ಟ. "ಭಾನುವಾರದೊಳಗೆ ಸರಿ ಮಾಡ್ಕೊ ಸುಧಾ. ಇಲ್ಲಾಂದ್ರೆ ಆ ಸಾಲು ಪಿಟೀಲಿಗೆ ಕೊಟ್ಬಿಡ್ತೀನಿ. ಬೇಜಾರು ಮಾಡ್ಕೋಬೇಡ."

ಅಕ್ಕ ವಾಲ್ಯೂಮನ್ನು ತುದಿಯವರೆಗೆ ತಿರುಗಿಸಿದಳು. ಪೆಟ್ಟಿಗೆ ಕರಕರ ಅರಚಿತು, ಸ್ವರ ಮಾತ್ರ ನಿಲ್ಲಲಿಲ್ಲ. ಅವಳು ಊಟ ಬಿಟ್ಟು ಮುಖ ಊದಿಸಿಕೊಂಡು ಕೂತಳು. ನನಗೂ ಅಳು ಬಂತು.

ಶನಿವಾರ ಅಕ್ಕ ಯಡಿಯೂರಿನಿಂದ ರೇಡಿಯೋ ರಿಪೇರಿ ಬಸಣ್ಣನನ್ನು ಕರೆತಂದಳು. ಅಮ್ಮ ಕೋಡುಬಳೆ ಕರಿಯುತ್ತಿದ್ದಳು, ಮನೆಯೆಲ್ಲ ಇಂಗಿನ ಘಮ. ಬಸಣ್ಣ ಗವಸಿನ ಕಡೆ ನೋಡಿ, "ಅಮ್ಮಾ, ನೀವು ಬಾಯಿಗೆ ಕಂಬಳಿ ಸುತ್ಕೊಂಡು ಹಾಡ್ತೀರಾ?" ಎಂದು ಕೇಳಿದ.

ಅಮ್ಮ ನಾಚಿಕೊಂಡು ನಕ್ಕು, ಗವಸನ್ನು ತಾನೇ ಎಳೆದು ತೆಗೆದಳು.

"ಇದು ಟ್ರಾನ್ಸಿಸ್ಟರ್ ಪೆಟ್ಟಿಗೆ ಕಣಮ್ಮ ಸುಧಾ. ಹಳೇ ವಾಲ್ವ್ ಪೆಟ್ಟಿಗೆ ಥರ ಸೌಂಡು ಜಾಸ್ತಿ ಮಾಡಿದ್ರೆ ಇಂಪಾಗಲ್ಲ, ಕಿರುಚುತ್ತೆ ಅಷ್ಟೆ" ಎನ್ನುತ್ತಾ ಬಸಣ್ಣ ವಾಲ್ಯೂಮ್ ಸ್ವಲ್ಪ ಇಳಿಸಿದ, ಬೇಸ್ ತಗ್ಗಿಸಿ ನಡುವಿನ ಗುಂಡಿ ಏರಿಸಿದ. ಪೆಟ್ಟಿಗೆಯನ್ನು ನೆಲದಿಂದೆತ್ತಿ ಗೋಡೆಯ ಮೂಲೆಯಲ್ಲಿ ಸ್ಟೂಲಿನ ಮೇಲಿಟ್ಟ. ಅಕ್ಕ ಮೀಟಿದಳು. ಕಿಟಕಿಯ ಗಾಜು ಅದುರಿತು! ಒಂದು ವೈರನ್ನೂ ಮುಟ್ಟದೆ ಇಷ್ಟು ಮಾಡಿದ್ದ ಮಹಾನುಭಾವ. ಇವತ್ತಿಗೂ ನನಗೆ ಅವನ ಮೇಲೆ ಗೌರವ.

ಸದ್ದು ಬಂತು. ಸ್ವರ ಮಾತ್ರ ಇನ್ನೂ ಅರ್ಧಕ್ಕೇ ಆರಿಹೋಗುತ್ತಿತ್ತು. "ಇನ್ನು ಪೆಟ್ಟಿಗೆ ಕೈಲಿ ಆಗಲ್ಲ" ಎಂದು ಬಸಣ್ಣ ಕೈಚೆಲ್ಲಿದ.

ಆಗ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಅಕ್ಕನ ಪಕ್ಕ ಕೂತಳು. "ಮೀಟಿದ ತಕ್ಷಣ ಬೆರಳು ಸಡಿಲ ಬಿಡ್ತೀಯಲ್ಲೇ. ಒತ್ತಿ ಹಿಡಿ. ಹಿಡ್ಕೊಂಡೇ ಸಣ್ಣಗೆ ಅಲುಗಿಸು, ವೀಣೆ ಥರ."

ಅಕ್ಕನಿಗೆ ತಿಳಿಯಲಿಲ್ಲ. ಅಮ್ಮ ತನ್ನ ಬೆರಳನ್ನೇ ತಂತಿಯ ಮೇಲೆ ಒತ್ತಿ, "ಈಗ ಮೀಟು" ಎಂದಳು. ಸ್ವರ ಹುಟ್ಟಿತು, ತೂಗಿತು, ಆ ಬೆರಳಿನ ಕೆಳಗೆ ನಿಂತೇ ನಿಂತಿತು. ಬಸಣ್ಣ ತಲೆದೂಗಿದ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

"ನಿಂಗೆ ವೀಣೆ ಬರುತ್ತಾ ಅಮ್ಮ?" ಎಂದಳು ಅಕ್ಕ.

"ಮದುವೆಗೆ ಮುಂಚೆ ಎಂಟು ವರ್ಷ ಕಲ್ತಿದ್ದೆ. ಅಯ್ಯೋ, ಕೋಡುಬಳೆ ಸೀದುಹೋಯ್ತು!" ಎಂದು ಅಮ್ಮ ಎದ್ದು ಓಡಿದಳು.

ಆ ರಾತ್ರಿ ಮಲಗುವವರೆಗೂ ಅಕ್ಕ ಬೆರಳು ಕೆಂಪಾಗುವಂತೆ ಅಭ್ಯಾಸ ಮಾಡಿದಳು. ಭಾನುವಾರ ಮುರಳಿ ಪಿಟೀಲಿನ ಮಾತೆತ್ತಲಿಲ್ಲ. ಗಣೇಶನ ಸಂಜೆ ಆ ಕೊನೆಯ ಸ್ವರಕ್ಕೆ ಇಡೀ ಬೀದಿ ಚಪ್ಪಾಳೆ ತಟ್ಟಿತು. ಅಮ್ಮ ಹೆಂಗಸರ ಗುಂಪಿನ ಹಿಂದೆ ನಿಂತು, ಎಲ್ಲರಿಗಿಂತ ತಡವಾಗಿ ತಟ್ಟಿದಳು.

ಈಗ ಅಕ್ಕನ ಬಳಿ ಕಾಲಲ್ಲಿ ಒತ್ತಿದರೆ ಸ್ವರವನ್ನು ಬೇಕಾದಷ್ಟು ಹೊತ್ತು ನಿಲ್ಲಿಸುವ ಯಂತ್ರವಿದೆ. ಆ ಆರ್ಕೆಸ್ಟ್ರಾ ಇಲ್ಲ, ಬಸಣ್ಣನ ಅಂಗಡಿ ಇಲ್ಲ, ಅಮ್ಮನೂ ಇಲ್ಲ. ಆದರೆ ಆ ಶನಿವಾರ ಕಳೆದ ಮೇಲೂ ಅಮ್ಮ ಇಪ್ಪತ್ತು ವರ್ಷ ನಮ್ಮ ಜೊತೆಗೇ ಇದ್ದಳು. "ನೀನೂ ಒಂದ್ಸಲ ನುಡಿಸಮ್ಮ" ಎಂದು ನಾವಿಬ್ಬರೂ ಒಮ್ಮೆಯೂ ಕೇಳಲಿಲ್ಲ.